211ನೇ ಪುಟದಲ್ಲಿ ನಿಂತಿದ್ದೇನೆ, ಮುಂದೆ ಓದಲೋ ಬೇಡವೋ

ಇರುಳೋದು:
ನಮಸ್ಕಾರ. ಒಂದು ಕಾದಂಬರಿ ಹಿಡಿದು ಹದಿನೈದು ದಿನವಾಯ್ತು. ಒಟ್ಟು 430 ಪುಟ. ಮೊದಲ 200 ಪುಟ ಮೂರೇ ರಾತ್ರಿಯಲ್ಲಿ ಮುಗಿದವು. ಎಲ್ಲರೂ ಮಲಗಿದ ಮೇಲೆ ಬಾಗಿಲು ಹಾಕಿಕೊಂಡು, ತಲೆದಿಂಬಿನ ಪಕ್ಕದ ದೀಪದಲ್ಲಿ ಓದಿದ್ದು. 211ಕ್ಕೆ ಬಂದು ನಿಂತವಳು ಹನ್ನೆರಡು ದಿನದಿಂದ ಅಲ್ಲೇ ಇದ್ದೇನೆ. ಪುಸ್ತಕ ಕೈಗೆತ್ತಿಕೊಳ್ಳುವುದು, ಅದೇ ಪುಟ ಮತ್ತೆ ಓದುವುದು, ಕೆಳಗಿಡುವುದು.

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಒಬ್ಬರು ಎರಡನೇ ಕಾಮೆಂಟಿನಲ್ಲೇ ಕೊನೆ ಏನಾಗುತ್ತದೆಂದು ಬಾಯಿಬಿಡುತ್ತೀರಿ. ಹೋದ ಸಲ ಹಾಗೇ ಆಯ್ತು. ಯಾರೆಂದು ಅವರಿಗೇ ಗೊತ್ತು.

ಕಥೆ ಇಷ್ಟು. ಒಂದು ಮನೆ, ಅಪ್ಪ, ಅಮ್ಮ, ಮೂವರು ಮಕ್ಕಳು. ದೊಡ್ಡ ಮಗಳು ಕಥೆ ಹೇಳುತ್ತಾಳೆ. ಅಪ್ಪ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಬಹಳ ಮೆತ್ತಗೆ ಮಾತಾಡುತ್ತಾನೆ. ಅವನ ಮಾತು ಕೇಳಿಸಬೇಕೆಂದರೆ ಮನೆಯವರೆಲ್ಲ ಸುಮ್ಮನಾಗಬೇಕು, ಅಷ್ಟು ಮೆತ್ತಗೆ. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಯಾವಾಗಲೂ ಸುಮ್ಮನಿರುತ್ತಾರೆ. 211ನೇ ಪುಟದಲ್ಲಿ ಅಮ್ಮ ಕಿರಿಯ ಮಗನ ಸ್ವೆಟರ್ ಬಿಚ್ಚುತ್ತಿದ್ದಾಳೆ. ತೋಳಿನ ತುದಿಯಿಂದ ಎಳೆ ಎಳೆಯುತ್ತಾ, ಉಣ್ಣೆಯನ್ನು ಉಂಡೆ ಸುತ್ತುತ್ತಾ. ಯಾಕಮ್ಮ ಅಂತ ಮಗಳು ಕೇಳಿದರೆ, ‘ಸಣ್ಣದಾಯ್ತಲ್ಲ’ ಅನ್ನುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೂ ನನ್ನ ಕೈಯಲ್ಲಿ ಪುಟ ತಿರುಗುತ್ತಿಲ್ಲ. ನಿಮಗೆ ಹೀಗೆ ಆಗಿದೆಯಾ? ಆದಾಗ ಮುಂದುವರಿದಿರಾ, ಬಿಟ್ಟಿರಾ?

ಅರ್ಧಪುಟ:
ಬಿಟ್ಟುಬಿಡಿ ಮೇಡಂ. ನಿಷ್ಠುರ ಅನಿಸಿದರೆ ಕ್ಷಮಿಸಿ, ಈ ಜಾತಿಯ ಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ಒಂದು ಮನೆ ಹಿಡಿದುಕೊಳ್ಳುವುದು, ಅದರೊಳಗೆ ಕುಡುಕ, ಹುಚ್ಚಿ, ಆತ್ಮಹತ್ಯೆ, ಹಳೇ ಪಾಪ ಎಲ್ಲ ತುಂಬುವುದು, ಮೇಲೆ ಒಂದಿಷ್ಟು ಮಳೆ ಸುರಿಸುವುದು. ಹಿಂದಿನ ರಕ್ಷಾಪುಟದಲ್ಲಿ ‘ಬೆಚ್ಚಿಬೀಳಿಸುವ’ ಅಂತ ಅಚ್ಚು ಹಾಕುವುದು. ಸಂಕಟವನ್ನು ಕೆಜಿ ಲೆಕ್ಕದಲ್ಲಿ ಮಾರುವ ವ್ಯಾಪಾರ. ದುಡಿದು ಮನೆಗೆ ಬಂದವನು ಇನ್ನೊಬ್ಬರ ಮನೆಯ ಗೋಳನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ತುದಿಬೆರಳು:
ಅರ್ಧಪುಟ ಅವರ, ನೀವು ಹೇಳೋ ಅಂಥಾ ಪುಸ್ತಕ ಅವ, ಇಲ್ಲಂತಲ್ಲ. ಆದ್ರ ಇರುಳೋದು ಅವರು ಹೇಳಿದ್ದರಾಗ ಕುಡುಕ ಎಲ್ಲಿ ಅದಾನ್ರಿ? ಹುಚ್ಚಿ ಎಲ್ಲಿ ಅದಾಳ? ಒಂದು ಸ್ವೆಟರ್ ಅದ, ಒಂದು ಮಾತು ಅದ. ಅಷ್ಟಕ್ಕ ಒಬ್ಬರು ಹನ್ನೆರಡು ದಿನ ನಿಂತಾರ ಅಂದ್ರ ಬರದವನ ಕೈ ಭಾಳ ಚಲೋ ಅದ. ಗೋಳು ಸುರಿಯೋರು ಬ್ಯಾರೆ, ಗೋಳು ಮುಚ್ಚಿಡೋರು ಬ್ಯಾರೆ. ನನಗ ಮುಚ್ಚಿಡೋರನ್ನ ಕಂಡ್ರನ ಅಂಜಿಕಿ.

ಕಂದಪದ್ಯ:
ತುದಿಬೆರಳು ಸರ್ ಹೇಳಿದ ‘ಮುಚ್ಚಿಡೋರು’ ಅನ್ನುವ ಮಾತು ಹಿಡಿದು ಒಂದೆರಡು ಮಾತು ಸೇರಿಸುತ್ತೇನೆ. ಉದ್ದವಾದರೆ ಬೈದುಕೊಳ್ಳಿ, ಮೇಷ್ಟ್ರಾಗಿದ್ದವನ ಅಭ್ಯಾಸ.

ಕತ್ತಲೆಯ ಮನೆಯ ಕಥೆ ನಮ್ಮಲ್ಲಿ ಕಾದಂಬರಿ ಬಂದ ಮೇಲೆ ಹುಟ್ಟಿದ್ದಲ್ಲ. ಜನ್ನ ‘ಯಶೋಧರ ಚರಿತೆ’ ಮುಗಿಸಿದ್ದು 1209ರಲ್ಲಿ. ಅರ್ಧರಾತ್ರಿ ರಾಜ ಯಶೋಧರನ ಹೆಂಡತಿ ಎದ್ದು ಮಾವಟಿಗನ ಬಳಿಗೆ ಹೋಗುತ್ತಾಳೆ. ಅವನು ಕುರೂಪಿ, ಆದರೆ ಅವನ ಹಾಡು ಅವಳನ್ನು ಎಳೆದಿದೆ. ಗಂಡ ಹಿಂದೆಯೇ ಹೋಗಿ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತಿದವನು ಇಳಿಸಿ ವಾಪಸು ಬಂದು ಮಲಗುತ್ತಾನೆ. ಪಾಠ ಮಾಡುವಾಗ ಎಲ್ಲರೂ ಇಲ್ಲಿಯವರೆಗೆ ಉತ್ಸಾಹದಿಂದ ಹೇಳುತ್ತಾರೆ. ನನ್ನ ಪ್ರಕಾರ ಕಥೆ ತಿರುಗುವುದು ಮರುದಿನ ಬೆಳಿಗ್ಗೆ. ತಾಯಿ ಮಗನ ಮುಖ ನೋಡಿ ಏನಾಯಿತೆಂದು ಕೇಳುತ್ತಾಳೆ. ಕಂಡದ್ದನ್ನು ಅವನು ಹೇಳುವುದಿಲ್ಲ, ಕೆಟ್ಟ ಕನಸು ಬಿತ್ತು ಅನ್ನುತ್ತಾನೆ.

ಅಷ್ಟೇ. ಕನಸು ಅಂದದ್ದಕ್ಕೆ ತಾಯಿ ಶಾಂತಿ ಮಾಡಿಸಬೇಕು, ಬಲಿ ಕೊಡಬೇಕು ಅನ್ನುತ್ತಾಳೆ. ಮಗ ಜೀವಹಿಂಸೆಗೆ ಒಪ್ಪುವುದಿಲ್ಲ. ಇಬ್ಬರೂ ರಾಜಿಯಾಗಿ ಹಿಟ್ಟಿನ ಹುಂಜ ಮಾಡುತ್ತಾರೆ. ಕಡಿಯುವಾಗ ಆ ಹುಂಜ ಕೂಗುತ್ತದೆ. ಮುಂದೆ ಹೆಂಡತಿಯ ಕೈಯಿಂದ ವಿಷ, ತಾಯಿ ಮಗ ಇಬ್ಬರ ಸಾವು, ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುವ ಜನ್ಮಗಳು. ಕಾವ್ಯ ಇದನ್ನೆಲ್ಲ ಸಂಕಲ್ಪಹಿಂಸೆಯ, ಅಂದರೆ ಮನಸ್ಸಿನಲ್ಲೇ ಮಾಡಿದ ಕೊಲೆಯ, ಫಲ ಎಂದು ಹೇಳುತ್ತದೆ, ಅದು ಜೈನಕಾವ್ಯದ ನ್ಯಾಯ. ಆದರೆ ಮನೆಯೊಂದರ ಕಥೆಯಾಗಿ ಓದಿದರೆ ಅಷ್ಟೂ ಅನಾಹುತದ ಬುಡದಲ್ಲಿರುವುದು ಮಗ ತಾಯಿಗೆ ಹೇಳದೆ ನುಂಗಿದ ಒಂದು ಮಾತು. ನಿಮ್ಮ ಕಾದಂಬರಿಯ ‘ಸಣ್ಣದಾಯ್ತಲ್ಲ’ ನನಗೆ ಅದೇ ಕನಸಿನ ನೆವದಂತೆ ಕೇಳಿಸಿತು.

ಕಿವಿಯೋದುಗ:
ಮೇಷ್ಟ್ರೇ ನಮಸ್ಕಾರ 🙏 ಪಿಯುಸಿಯಲ್ಲಿ ನೀವು ಸಿಕ್ಕಿದ್ದರೆ ನಾನು ಪಾಸಾಗುತ್ತಿದ್ದೆ.

ಇರುಳೋದು ಅವರೇ, ನನ್ನದೊಂದು ಉಪಾಯ. ನಾನು ಇಂಥ ಪುಸ್ತಕಗಳನ್ನು ಆಡಿಯೋದಲ್ಲೇ ಕೇಳುವುದು, ಅದೂ ಹಗಲು ಹೊತ್ತು, ಬಟ್ಟೆ ಮಡಚುತ್ತಾ. ಓದುವ ಧ್ವನಿ ನಿಲ್ಲುವುದಿಲ್ಲವಲ್ಲ, ಹಾಗಾಗಿ ಒಂದೇ ಪುಟದಲ್ಲಿ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ, ಅದೇ ಎಳೆದುಕೊಂಡು ಹೋಗುತ್ತದೆ. ನಷ್ಟವೂ ಇದೆ. ಯಾರು ಯಾರ ಮಗ ಅಂತ ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ಕಲಸಿಹೋಗುತ್ತದೆ. ಒಂದು ಸಲ ಇಡೀ ಕಾದಂಬರಿಯಲ್ಲಿ ಚಿಕ್ಕಪ್ಪನನ್ನೂ ಮೈದುನನನ್ನೂ ಒಬ್ಬನೇ ಅಂದುಕೊಂಡು ಕೇಳಿದ್ದೆ. ಕಥೆ ಇನ್ನೂ ಭಯಂಕರವಾಗಿತ್ತು.

ಗೀಟುಪೆನ್ಸಿಲ್:
ನಾನು ಕರಡು ತಿದ್ದುವ ಕೆಲಸದವಳು. ಓದುವಾಗ ಕಥೆಗಿಂತ ಮೊದಲು ಕ್ರಿಯಾಪದ ಕಣ್ಣಿಗೆ ಬೀಳುತ್ತದೆ, ಏನು ಮಾಡುವುದು.

ಇರುಳೋದು, ಒಂದು ಸಣ್ಣ ಕೆಲಸ ಮಾಡ್ತೀರಾ? ಮುಂದೆ ಓದಬೇಡಿ. ಹಿಂದೆ ಹೋಗಿ. ಆ ಕಿರಿಯ ತಮ್ಮನ ಮಾತು ಬಂದಲ್ಲೆಲ್ಲ ‘ಅಂದ’ ಅಂತಿದೆಯಾ, ‘ಅಂದಿದ್ದ’ ಅಂತಿದೆಯಾ ನೋಡಿ. ಉಳಿದವರಿಗೆ ಏನಿದೆ, ಅದನ್ನೂ ನೋಡಿ.

ಇನ್ನೊಂದು. ನಿರೂಪಕಿ ತಂದೆಯನ್ನು ಏನೆಂದು ಕರೆಯುತ್ತಾಳೆ? ‘ಅಪ್ಪ’ನಿಂದ ‘ಅವರು’ ಆಗಿದೆಯಾ, ಅಲ್ಲಿಂದ ‘ಆತ’ ಆಗಿದೆಯಾ? ಆಗಿದ್ದರೆ ಯಾವ ಪುಟದಲ್ಲಿ? ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇದೊಂದು ಚಾಕು. ಗೌರವ ಎಲ್ಲಿ ತಪ್ಪಿತು ಅಂತ ವಿವರಿಸಬೇಕಾಗಿಲ್ಲ, ಸರ್ವನಾಮ ಬದಲಿಸಿದರೆ ಸಾಕು. ಜಗಳ ಮಾಡದ ಮನೆಯಲ್ಲಿ ಜಗಳವೆಲ್ಲ ವ್ಯಾಕರಣದಲ್ಲೇ ನಡೆಯುತ್ತದೆ.

ಮಡಚಿದಪುಟ:
ಇಲ್ಲಿ ಬರೆಯುವುದು ಅಪರೂಪ. ಅರ್ಧಪುಟ ಅವರು ಕೇಳಿದ ಪ್ರಶ್ನೆಗೆ, ಇನ್ನೊಬ್ಬರ ಮನೆಯ ಗೋಳು ಯಾಕೆ ಅನ್ನುವುದಕ್ಕೆ, ನನ್ನ ಅನುಭವ ಹೇಳಬೇಕೆನಿಸಿತು.

ನಮ್ಮದೂ ಮೆತ್ತಗೆ ಮಾತಾಡುವ ಮನೆ. ಹೊರಗಿನವರಿಗೆ ನಾವು ಮಾದರಿ ಕುಟುಂಬ. ಒಬ್ಬ ವ್ಯಕ್ತಿ ಮನೆಗೆ ಬರುವ ಹೊತ್ತಿಗೆ ಗೇಟಿನ ಚಿಲಕ ಸದ್ದಾಗುತ್ತಿತ್ತು. ಆ ಸದ್ದಿಗೂ ಒಳಬಾಗಿಲು ತೆರೆಯುವುದಕ್ಕೂ ನಡುವೆ ಹದಿನಾಲ್ಕು ಹೆಜ್ಜೆ. ಅಷ್ಟರಲ್ಲಿ ನಾವು ಮಕ್ಕಳು ಮುಖ ಸರಿಮಾಡಿಕೊಂಡಿರಬೇಕಿತ್ತು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ನಲವತ್ತು ವರ್ಷ ಬೇಕಾಯಿತು. ಹೇಳುವುದಕ್ಕೆ ಮಾತು ಕೊಟ್ಟದ್ದು ಯಾವ ಸಲಹೆಗಾರರೂ ಅಲ್ಲ, ಒಂದು ಕಾದಂಬರಿ. ಅದರಲ್ಲಿ ಒಂದು ಮಗು ಹೆಜ್ಜೆ ಎಣಿಸುತ್ತಿತ್ತು.

ಆದರೆ ಪೂರ್ತಿ ಓದಲಾಗಲಿಲ್ಲ ಅನ್ನುವುದೂ ನಿಜ. ಎಂಟು ವರ್ಷವಾಯ್ತು, ಪುಟ ಮಡಚಿ ಇಟ್ಟಿದ್ದೇನೆ. ಹೆಸರು ಇಟ್ಟುಕೊಂಡಿದ್ದೂ ಅದಕ್ಕೇ. ಹಾಗಾಗಿ ಇರುಳೋದು ಅವರಿಗೆ ಓದಿ ಅಂತಲೂ ಹೇಳಲಾರೆ, ಬಿಡಿ ಅಂತಲೂ ಹೇಳಲಾರೆ.

ಅರ್ಧಪುಟ:
ಮಡಚಿದಪುಟ ಅವರೇ, ಓದಿದೆ. ನನ್ನ ಕೆಜಿ ಲೆಕ್ಕದ ಮಾತು ನಿಮಗೆ ನೋವು ಮಾಡಿದ್ದರೆ ವಾಪಸು ತೆಗೆದುಕೊಳ್ಳುತ್ತೇನೆ. ವ್ಯಾಪಾರದ ಬಗ್ಗೆ ಹೇಳಿದ್ದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ.

ಮಡಚಿದಪುಟ:
ನೋವೇನಿಲ್ಲ. ವ್ಯಾಪಾರದ ಬಗ್ಗೆ ನನಗೂ ಅದೇ ಸಿಟ್ಟಿದೆ. ಹೆಜ್ಜೆ ಎಣಿಸಿದವರಿಗೆ ಸುಳ್ಳು ಹೆಜ್ಜೆ ಬೇಗ ಗೊತ್ತಾಗುತ್ತದೆ.

ಕಂದಪದ್ಯ:
ಮಡಚಿದಪುಟ ಅವರ ಮಾತಿಗೆ ನಮ್ಮ ಹಳಬರು ಒಂದು ಜಾಗ ಮಾಡಿಟ್ಟಿದ್ದಾರೆ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಕ್ಕೆ, ಅಂದರೆ ಕಾವ್ಯ ನಾಟಕಗಳನ್ನು ಸವಿಯುವ ಅನುಭವಕ್ಕೆ, ಏಳು ವಿಘ್ನಗಳನ್ನು ಹೇಳುತ್ತಾನೆ. ಅದರಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿ ವಿವಶನಾಗಿರುವುದು. ತನ್ನ ಗಾಯ ಹಸಿಯಾಗಿದ್ದರೆ ಎದುರಿನ ಕಥೆ ಕಥೆಯಾಗಿ ಉಳಿಯುವುದಿಲ್ಲ. ಅದು ಓದುಗರ ಸೋಲಲ್ಲ. ರಸ ಅಲ್ಲಿ ಹುಟ್ಟುವುದೇ ಇಲ್ಲ, ಅಷ್ಟೇ. ಪುಟ ಮಡಚಿ ಇಟ್ಟದ್ದು ಸರಿಯಾಗಿಯೇ ಇದೆ.

ಅರ್ಧಪುಟ ಅವರಿಗೂ ಹಳಬರಲ್ಲಿ ಒಂದು ಆಸರೆ ಕೊಡುತ್ತೇನೆ, ಪಕ್ಷಪಾತ ಬೇಡ. ಕರುಣರಸವೂ, ಅಂದರೆ ಶೋಕದ ಕಥೆಯೂ, ಕೊನೆಗೆ ಆನಂದವೇ ಅಂತ ಬಹುಪಾಲು ಆಲಂಕಾರಿಕರು, ಅಂದರೆ ಕಾವ್ಯಶಾಸ್ತ್ರ ಬರೆದವರು, ವಾದಿಸಿದರೆ, 12ನೇ ಶತಮಾನದ ನಾಟಕಶಾಸ್ತ್ರದ ಗ್ರಂಥ ‘ನಾಟ್ಯದರ್ಪಣ’ ಬರೆದವರು ಒಪ್ಪಲಿಲ್ಲ. ಕರುಣ, ಭಯಾನಕ, ರೌದ್ರ, ಬೀಭತ್ಸ ಇವು ದುಃಖವೇ, ನೋಡುವವನಿಗೆ ಉದ್ವೇಗವೇ ಆಗುತ್ತದೆ, ರಸ ಅನ್ನುವುದು ಸುಖದುಃಖ ಎರಡೂ ಸೇರಿದ್ದು ಅಂತ ನೇರವಾಗಿ ಬರೆದರು. ಜನ ಮೆಚ್ಚುವುದು ಕವಿಯ, ನಟನ ಕೌಶಲವನ್ನು ಅಂದರು. ಸಂಕಟ ಸಂಕಟವೇ ಅನ್ನುವ ನಿಮ್ಮ ಪಕ್ಷ ಒಂಟಿಯಲ್ಲ.

ಅರ್ಧಪುಟ:
ಒಂಬೈನೂರು ವರ್ಷ ಹಳೇ ಬೆಂಬಲಿಗರು ಸಿಗುತ್ತಾರೆ ಅಂತ ಗೊತ್ತಿದ್ದರೆ ಇನ್ನೂ ಜೋರಾಗಿ ಬರೀತಿದ್ದೆ 😄

ಆದರೂ ಒಂದು ಸಂಶಯ. ಎಲ್ಲ ಕತ್ತಲೆ ಕಾದಂಬರಿಗಳೂ ಮನೆಯೊಳಗೇ ಯಾಕೆ ನಡೆಯಬೇಕು? ಯುದ್ಧ, ಜೈಲು, ಕಚೇರಿ, ಎಷ್ಟು ಜಾಗ ಇಲ್ಲ?

ತುದಿಬೆರಳು:
ಜೈಲಿನಾಗ ವೈರಿ ಯಾರಂತ ಗೊತ್ತಿರತದ್ರಿ. ಮನ್ಯಾಗ ವೈರಿಗೆ ನೀವ ಚಾದರ ಹೊಚ್ಚತೀರಿ.

ಕಂದಪದ್ಯ:
ಇದನ್ನೇ ಅರಿಸ್ಟಾಟಲ್ ‘ಪೊಯೆಟಿಕ್ಸ್’ನ 14ನೇ ಅಧ್ಯಾಯದಲ್ಲಿ ಹೇಳುತ್ತಾನೆ. ವೈರಿ ವೈರಿಯನ್ನು ಕೊಂದರೆ ನೋವಿನ ಘಟನೆಯಷ್ಟೇ, ಮನಸ್ಸು ವಿಶೇಷವಾಗಿ ಕರಗದು. ಸಂಬಂಧವೇ ಇಲ್ಲದವರು ಕೊಂದರೂ ಹಾಗೇ. ಅಣ್ಣ ತಮ್ಮನನ್ನು, ಮಗ ತಂದೆಯನ್ನು, ತಾಯಿ ಮಗನನ್ನು ಕೊಂದಾಗ, ಕೊಲ್ಲಲು ಹೊರಟಾಗ ಮಾತ್ರ ರುದ್ರನಾಟಕಕ್ಕೆ ವಸ್ತು ಸಿಗುತ್ತದೆ. ತುದಿಬೆರಳು ಸರ್ ಚಾದರದಲ್ಲಿ ಹೇಳಿದ್ದು ಇನ್ನೂ ಚೆನ್ನಾಗಿದೆ.

ಇರುಳೋದು:
ಗೀಟುಪೆನ್ಸಿಲ್ ಮೇಡಂ, ನಿನ್ನೆ ರಾತ್ರಿ ನೀವು ಹೇಳಿದ ಕೆಲಸ ಮಾಡಿದೆ. ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಬಂದೆ.

37ನೇ ಪುಟದವರೆಗೆ ತಮ್ಮ ‘ಅಂದ’, ‘ನಕ್ಕ’, ‘ಓಡಿದ’. 38ನೇ ಪುಟದಿಂದ ಈಚೆಗೆ ಒಂದೇ ಒಂದು ‘ಅಂದ’ ಇಲ್ಲ. ಎಲ್ಲವೂ ‘ಅಂದಿದ್ದ’, ‘ಕೇಳಿದ್ದ’, ‘ಹೀಗೇ ಮಾಡುತ್ತಿದ್ದ’. ಅಪ್ಪ, ಅಮ್ಮ, ನಡುವಿನ ತಂಗಿ ಮೂವರೂ ಈಗಲೂ ‘ಅಂದ’, ‘ಅಂದಳು’ದಲ್ಲೇ ಇದ್ದಾರೆ. 170 ಪುಟ ಆ ಹುಡುಗ ಮನೆಯಲ್ಲಿ ಓಡಾಡುತ್ತಿದ್ದಾನೆ ಅಂತಲೇ ಓದಿದ್ದೆ. ಅವನು ಇರಲೇ ಇಲ್ಲ. ಅವನ ಮಾತು ಮಾತ್ರ ಇತ್ತು.

ಸ್ವೆಟರ್ ಅವನಿಗೆ ಸಣ್ಣದಾಗುವಂತೆಯೇ ಇಲ್ಲ.

‘ಅಪ್ಪ’ ಮಾತ್ರ ಕೊನೆಯವರೆಗೂ, ಅಂದರೆ ನಾನು ಓದಿದಲ್ಲಿಯವರೆಗೂ, ‘ಅಪ್ಪ’ನೇ. ಆದರೆ ‘ನಮ್ಮಪ್ಪ’ ಇದ್ದದ್ದು 38ರ ಆಚೆಗೆ ಬರೀ ‘ಅಪ್ಪ’ ಆಗಿದೆ. ಇದು ನನ್ನ ಭ್ರಮೆಯೂ ಇರಬಹುದು.

ಸರಿ, ಈಗ ಗೊತ್ತಾಯಿತಲ್ಲ ಯಾಕೆ ಪುಟ ತಿರುಗುತ್ತಿರಲಿಲ್ಲ ಅಂತ. ತಲೆಗೆ ಹೊಳೆಯುವ ಮೊದಲೇ ಕೈಗೆ ಗೊತ್ತಾಗಿತ್ತು.

ಗೀಟುಪೆನ್ಸಿಲ್:
‘ನಮ್ಮಪ್ಪ’ ಭ್ರಮೆಯಲ್ಲ. ಆ ‘ನಮ್ಮ’ದಲ್ಲಿ ಮೂವರು ಮಕ್ಕಳಿದ್ದರು.

ಕಿವಿಯೋದುಗ:
ನನ್ನ ಮೈ ಜುಮ್ಮೆಂದಿತು. ಆಡಿಯೋದಲ್ಲಿ ಇದು ನನಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಓದುವವರು ‘ಅಂದಿದ್ದ’ವನ್ನು ‘ಅಂದಿದ್ದ’ ಅಂತಲೇ ಓದಿರುತ್ತಾರೆ, ನಾನು ಬಟ್ಟೆ ಮಡಚುತ್ತಾ ‘ಅಂದ’ ಅಂತ ಕೇಳಿಸಿಕೊಂಡಿರುತ್ತೇನೆ.

ಒಂದು ಪ್ರಶ್ನೆ. ಲೇಖಕರು ಮೋಸ ಮಾಡಿದ ಹಾಗಾಗಲಿಲ್ಲವಾ? 170 ಪುಟ ಓದುಗರನ್ನು ದಾರಿ ತಪ್ಪಿಸುವುದು ನ್ಯಾಯವಾ?

ಗೀಟುಪೆನ್ಸಿಲ್:
ಲೇಖಕರು ಒಂದು ಅಕ್ಷರವೂ ಸುಳ್ಳು ಹೇಳಿಲ್ಲ, ಗಮನಿಸಿ. ಪ್ರತಿ ಸಲವೂ ‘ಅಂದಿದ್ದ’ ಅಂತಲೇ ಬರೆದಿದ್ದಾರೆ. ನಾವು ಓದಿಕೊಂಡು ಓಡಿದೆವು.

ನಂಬಲಾಗದ ನಿರೂಪಕ ಅನ್ನುವ ಮಾತನ್ನು ವೇನ್ ಬೂತ್ ಎಂಬ ವಿಮರ್ಶಕ 1961ರಲ್ಲಿ ಚಾಲ್ತಿಗೆ ತಂದ. ಅದನ್ನು ಈಗ ಎಲ್ಲರೂ ‘ಸುಳ್ಳು ಹೇಳುವ ನಿರೂಪಕ’ ಅಂತ ಬಳಸುತ್ತಾರೆ. ಮನೆಯ ಕಥೆಗಳಲ್ಲಿ ಸುಳ್ಳಿಗಿಂತ ಹೆಚ್ಚು ಕೆಲಸ ಮಾಡುವುದು ಹಾದು ಹೋಗುವುದು. ಒಂದು ವಿಷಯದ ಪಕ್ಕದಿಂದಲೇ ನಡೆದು ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಇಂಥ ಪುಸ್ತಕಗಳಲ್ಲಿ ನಾನು ಗೀಟು ಹಾಕುವುದು ಚೆಂದದ ಸಾಲಿಗಲ್ಲ. ಯಾರೋ ಏನೋ ಕೇಳಿ, ಎದುರಿನವರು ಬೇರೆ ಯಾವುದಕ್ಕೋ ಉತ್ತರ ಕೊಟ್ಟಿರುತ್ತಾರಲ್ಲ, ಅಲ್ಲಿಗೆ.

ಅರ್ಧಪುಟ:
ಹಾಗಾದರೆ ಆ ‘ಮುಳುಗಿಹೋಗಿ ಓದಿದೆ’ ಅನ್ನುವ ಹೊಗಳಿಕೆಗೆ ಏನರ್ಥ? ಮುಳುಗಿದವರು ಯಾರೂ ಕ್ರಿಯಾಪದ ನೋಡಲಿಲ್ಲವಲ್ಲ.

ಗೀಟುಪೆನ್ಸಿಲ್:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. 2000ದಲ್ಲಿ ಮೆಲನಿ ಗ್ರೀನ್, ತಿಮೊತಿ ಬ್ರಾಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದ್ದರು. ಕಥೆ ಓದಲು ಕೊಟ್ಟು, ಎಲ್ಲೆಲ್ಲಿ ಅಪಸ್ವರ ಅನಿಸಿತು, ಎಲ್ಲಿ ನಂಬಲಾಗಲಿಲ್ಲ, ಅಲ್ಲಿ ಸುತ್ತು ಹಾಕಿ ಅಂದರು. ಕಥೆಯೊಳಗೆ ಹೆಚ್ಚು ಹೋದವರು ಹಾಕಿದ ಸುತ್ತು ಕಡಿಮೆ. ಮುಳುಗಿದವರಿಗೆ ತಪ್ಪು ಕಾಣುವುದಿಲ್ಲ.

ಈಗ ಆ ಮನೆಯವರನ್ನು ನೆನೆಸಿಕೊಳ್ಳಿ. ಅವರೂ ಆ ಮನೆಯಲ್ಲಿ ಮುಳುಗಿದವರೇ ಅಲ್ಲವಾ.

ತುದಿಬೆರಳು:
ಇದರ ಉಲ್ಟಾನೂ ಅದ ನೋಡ್ರಿ. ಏನೂ ಮುಚ್ಚಿಡದನ ಕತ್ತಲಿ ಮಾಡೋರು. ‘ಗೃಹಭಂಗ’ 1970ರಾಗ ಬಂತು. ಪ್ಲೇಗಿನಾಗ ನಂಜಮ್ಮನ ಮಕ್ಕಳು ಒಂದರ ಹಿಂದ ಒಂದು ಹೋಗ್ತಾವ. ಭೈರಪ್ಪನವರು ಅಲ್ಲೆ ಅಳೂದಿಲ್ಲ, ಉಪಮಾ ಕಟ್ಟೂದಿಲ್ಲ, ಲೆಕ್ಕಾ ಬರದಂಗ ಬರೀತಾರ. ನಾನು ಮೊದಲ ಸಲ ಓದಿದಾಗ ಪುಸ್ತಕಾ ಬೋರಲ ಹಾಕಿ ಹೊರಗ ಹೋಗಿ ನಿಂತಿದ್ದೆ. ಬರಿಯೋರು ಅತ್ತಿದ್ರ ನಾನು ಸುಮ್ಮನ ಕುಂತು ಓದತಿದ್ದೆ ಅನಸ್ತದ. ಅವರು ಅಳಲಿಲ್ಲ, ಅದಕ್ಕ ಆ ಪಾಳಿ ನನಗ ಬಂತು.

ಮಡಚಿದಪುಟ:
‘ಆ ಪಾಳಿ ನನಗ ಬಂತು’. ಎಷ್ಟು ಸರಿಯಾಗಿ ಹೇಳಿದಿರಿ.

ಕಿವಿಯೋದುಗ:
ಇರುಳೋದು, ಮುಂದೇನು? ಓದ್ತೀರಾ? ಇಲ್ಲದಿದ್ದರೆ ಹೆಸರು ಹೇಳಿ, ನಾವು ಓದಿ ಕೊನೆ ಹೇಳ್ತೀವಿ 😇

ಇರುಳೋದು:
ಬಾಯಿ ಮುಚ್ಚಿ. ಓದುತ್ತಿದ್ದೇನೆ. ದಿನಕ್ಕೆ ಇಪ್ಪತ್ತು ಪುಟ, ಹಗಲಲ್ಲಿ, ಹಾಲ್‌ನಲ್ಲಿ ಎಲ್ಲರ ನಡುವೆ ಕೂತು. ಟೀವಿ ಓಡುತ್ತಿರುತ್ತದೆ. ಮುಳುಗದೆ ಓದುವ ಪ್ರಯತ್ನ. ಮಗಳು ಬಂದು ಪಕ್ಕದಲ್ಲಿ ಕೂತರೆ ಪುಸ್ತಕ ಮಗುಚಿ ಇಡುತ್ತೇನೆ. ಅವಳೇನು ಓದಲಿಕ್ಕೆ ಬಂದವಳಲ್ಲ, ಆದರೂ.

ಅರ್ಧಪುಟ:
ಮಗಳಿಗೆ ಏನು ಓದ್ತಿದ್ದೀರಿ ಅಂತ ಹೇಳಿದಿರಾ?

ಇರುಳೋದು:
‘ಕಥೆ ಪುಸ್ತಕ’ ಅಂದೆ. ಬರೆಯುವಾಗಲೇ ಗೊತ್ತಾಗುತ್ತಿದೆ, ನೀವೇನೂ ಹೇಳಬೇಕಾಗಿಲ್ಲ.

ಇರುಳೋದು:
ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಮುಗಿಯಿತು.

ಕೊನೆ ಹೇಳುವುದಿಲ್ಲ. ಹೇಳಿದರೂ ಏನೂ ಇಲ್ಲ, ದೊಡ್ಡ ಸ್ಫೋಟವೇನೂ ಆಗುವುದಿಲ್ಲ. ತಮ್ಮನಿಗೆ ಏನಾಯಿತು ಅನ್ನುವುದು 300ನೇ ಪುಟದ ಹೊತ್ತಿಗೆ ನಮಗೇ ಗೊತ್ತಾಗಿರುತ್ತದೆ, ಅಪ್ಪನ ಪಾಲೂ ಅದರಲ್ಲಿ ಎಷ್ಟೆಂದು ಗೊತ್ತಾಗುತ್ತದೆ. ಉಳಿದ 130 ಪುಟ ಬೇರೆ ಪ್ರಶ್ನೆಯ ಸುತ್ತ ಇದೆ: ಅವತ್ತು ಮನೆಯಲ್ಲಿ ಯಾರು ಯಾರಿದ್ದರು, ಯಾರಿಗೆ ಏನು ಕೇಳಿಸಿತು. ಅಮ್ಮ ಹಿತ್ತಿಲಲ್ಲಿದ್ದೆ ಅನ್ನುತ್ತಾಳೆ. ತಂಗಿ ನಿದ್ದೆ ಬಂದಿತ್ತು ಅನ್ನುತ್ತಾಳೆ. ಒಬ್ಬೊಬ್ಬರದೂ ಒಂದೊಂದು ‘ಕನಸು’, ಮೇಷ್ಟ್ರು ಹೇಳಿದ ಹಾಗೆ. ನಿರೂಪಕಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವಳೇ ಕಥೆ ಹೇಳುತ್ತಿದ್ದಾಳಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಅವಳ ಉತ್ತರ 38ನೇ ಪುಟದಲ್ಲೇ ಇತ್ತು. ಪೆನ್ಸಿಲ್ ಹಿಡಿದು ಬಂದಾಗಲೂ ತಮ್ಮನ ಕ್ರಿಯಾಪದ ಹುಡುಕುವ ಭರದಲ್ಲಿ ಅದನ್ನು ದಾಟಿಕೊಂಡು ಹೋಗಿದ್ದೆ. ಒಂದೇ ಸಾಲು. ಆ ಮಧ್ಯಾಹ್ನ ಮಳೆ ಬಂದು ನಿಂತಿತ್ತು, ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದೆ, ಪುಸ್ತಕ ಅಷ್ಟು ಚೆನ್ನಾಗಿತ್ತು, ಅಂತ.

ಮೊದಲ ರಾತ್ರಿ ಓದುವಾಗ ಆ ಸಾಲು ಇಷ್ಟವಾಗಿ ಗೀಟು ಹಾಕಿದ್ದೇನೆ. ಪಕ್ಕದಲ್ಲಿ ಒಂದು ನಕ್ಷತ್ರವೂ ಇದೆ.

ಗೀಟುಪೆನ್ಸಿಲ್:
ಆ ನಕ್ಷತ್ರ ಅಳಿಸಬೇಡಿ.

ತುದಿಬೆರಳು:
ನಾಳಿಂದ ನಾನೂ ಬಾಗಿಲಾ ತಗದ ಓದ್ತೀನ್ರಿ.

ಅರ್ಧಪುಟ:
ಮೇಡಂ, ಪುಸ್ತಕದ ಹೆಸರು ಮೆಸೇಜ್ ಮಾಡಿ. ಇಲ್ಲಿ ಬೇಡ, ಕಿವಿಯೋದುಗ ಇದ್ದಾರೆ.

ಕಿವಿಯೋದುಗ:
ಹೋದ ಸಲ ಕೊನೆ ಹೇಳಿದ್ದು ನಾನೇ ಅಂತ ಯಾರು ಹೇಳಿದ್ದು ನಿಮಗೆ?